ಬಾಗಿಲು ತೆರೆಯಲು ಅವಸರ ಬೇಡ: ಇಟಿಒ ಅನಿಲದಿಂದ ಉಪಕರಣ ಶುದ್ಧಿ ಹೇಗೆ?

ಆಸ್ಪತ್ರೆಯ ಕತ್ತರಿ, ಇಕ್ಕಳ, ಸ್ಟೀಲಿನ ಟ್ರೇಗಳನ್ನು ಕ್ರಿಮಿಮುಕ್ತಗೊಳಿಸಲು ಆಟೊಕ್ಲೇವ್, ಅಂದರೆ ಒತ್ತಡದ ಹಬೆಯ ಯಂತ್ರ ಸಾಕು. 121 ಅಥವಾ 134 ಡಿಗ್ರಿ ಸೆಲ್ಸಿಯಸ್‌ನ ಹಬೆ ಅವುಗಳಿಗೆ ಏನೂ ಮಾಡದು. ಅದೇ ಹಬೆಗೆ ತೆಳು ಪ್ಲಾಸ್ಟಿಕ್ ಕ್ಯಾಥೆಟರನ್ನೋ ಎಂಡೊಸ್ಕೋಪನ್ನೋ ಒಡ್ಡಿದರೆ ಸೊಟ್ಟಗಾಗಿ, ಮುದುಡಿ, ಕೆಟ್ಟು ಹೊರಬರುತ್ತದೆ. ಇಂಥ ನಾಜೂಕು ವಸ್ತುಗಳಿಗಾಗಿಯೇ ಇರುವುದು ಎಥಿಲೀನ್ ಆಕ್ಸೈಡ್ ಅನಿಲ. ಸ್ಟೆರಿಲೈಜೇಶನ್ ವಿಭಾಗದವರ ಬಾಯಲ್ಲಿ ಚುಟುಕಾಗಿ ‘ಇಟಿಒ’. 37ರಿಂದ 63 ಡಿಗ್ರಿಯ ಬೆಚ್ಚನೆಯಲ್ಲೇ ಇದು ಸೂಕ್ಷ್ಮಜೀವಿಯ ಪ್ರೋಟೀನು, ಡಿಎನ್‌ಎಗಳಿಗೆ ರಾಸಾಯನಿಕವಾಗಿ ಅಂಟಿಕೊಂಡು ಅದರ ಸಂತಾನವನ್ನೇ ನಿಲ್ಲಿಸುತ್ತದೆ.

ತೊಡಕೆಂದರೆ, ನಮ್ಮ ಜೀವಕೋಶಗಳಲ್ಲಿರುವುದೂ ಪ್ರೋಟೀನು ಮತ್ತು ಡಿಎನ್‌ಎಗಳೇ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1994ರಲ್ಲೇ ಇದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಬಣ್ಣವಿಲ್ಲದ ಅನಿಲ. ಸಿಹಿ ವಾಸನೆ ಇದೆ, ಆದರೆ ಮೂಗನ್ನು ನಂಬಿದರೆ ಕೆಟ್ಟಂತೆ. ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮದ ಪ್ರಕಾರ 8 ಗಂಟೆಯ ಪಾಳಿಯಲ್ಲಿ ಉಸಿರಾಡುವ ಗಾಳಿಯಲ್ಲಿ ಸರಾಸರಿ 1 ಪಿಪಿಎಂ ಮೀರಬಾರದು, ಅಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು. ಮೂಗಿಗೆ ವಾಸನೆ ಹತ್ತುವುದು ನೂರಾರು ಪಿಪಿಎಂ ಆದಮೇಲೆ! ಹಾಗಾಗಿ ಗ್ಯಾಸ್ ಮಾನಿಟರ್ ಇಲ್ಲದ ಕೋಣೆಯಲ್ಲಿ ಇಟಿಒ ಯಂತ್ರ ಇರಲೇಕೂಡದು. ಗಾಳಿಯಲ್ಲಿ ಶೇ 3ರಷ್ಟು ಬೆರೆತರೂ ಕಿಡಿ ತಾಗಿದರೆ ಹೊತ್ತಿಕೊಳ್ಳುವ ಅನಿಲವಿದು ಎಂಬುದೂ ನೆನಪಿರಲಿ.

ಮೊದಲು ತೊಳೆ, ಆಮೇಲೆ ಒಣಗಿಸು

ಆಟೊಕ್ಲೇವ್ ತಾಳುವ ವಸ್ತುವನ್ನು ಇಟಿಒಗೆ ಹಾಕಬೇಡಿ. ದ್ರವ, ಎಣ್ಣೆ, ಪುಡಿಗಳಿಗೂ ಇದು ಹೇಳಿ ಮಾಡಿಸಿದ್ದಲ್ಲ. ಹಿಂದೊಮ್ಮೆ ಗಾಮಾ ವಿಕಿರಣದಿಂದ ಶುದ್ಧಗೊಳಿಸಿದ ಪಿವಿಸಿ ಸಾಮಾನನ್ನು ಮತ್ತೆ ಇಟಿಒಗೆ ಒಡ್ಡಬಾರದು. ಕ್ಲೋರೋಹೈಡ್ರಿನ್ ಎಂಬ ಇನ್ನೊಂದು ವಿಷ ಅಲ್ಲಿ ಹುಟ್ಟಬಹುದು. ತಯಾರಕರ ಕೈಪಿಡಿಯಲ್ಲಿ ‘ಇಟಿಒ ಆಗಬಹುದು’ ಎಂದು ಇದ್ದರಷ್ಟೇ ಮುಂದಿನ ಹೆಜ್ಜೆ.

ರಕ್ತ, ಲೋಳೆ, ಉಪ್ಪಿನ ದ್ರಾವಣದ ಕಲೆ ಉಳಿದಿದ್ದರೆ ಅದರಡಿಯ ಕ್ರಿಮಿಗೆ ಅನಿಲ ತಲುಪದು. ಟ್ಯೂಬಿನ ಒಳಗನ್ನು ಬ್ರಷ್ ಹಾಕಿ ಉಜ್ಜಿ, ಶುದ್ಧ ನೀರಿನಲ್ಲಿ ಜಾಲಾಡಿಸಿ. ನಂತರದ ಒಣಗಿಸುವ ಕೆಲಸದಲ್ಲೇ ಹೆಚ್ಚಿನವರು ಎಡವುವುದು. ನೀರಿನ ಹನಿ ಉಳಿದರೆ ಇಟಿಒ ಅದರೊಂದಿಗೆ ಸೇರಿ ಎಥಿಲೀನ್ ಗ್ಲೈಕಾಲ್ ಎಂಬ ವಿಷಕಾರಿ ದ್ರವವಾಗುತ್ತದೆ. ಗಾಳಿಯೂದಿ ಇದನ್ನು ಓಡಿಸಲಾಗದು. ಹಾಗಂತ ಬಿಸಿಗಾಳಿಯಲ್ಲಿ ಕರಕಲಾಗುವಷ್ಟು ಒಣಗಿಸಲೂಬಾರದು: ತೀರಾ ಒಣಗಿದ ಬೀಜಕಣ (ಬ್ಯಾಕ್ಟೀರಿಯಾದ ಗಟ್ಟಿ ಚಿಪ್ಪಿನ ಸುಪ್ತ ರೂಪ) ಈ ಅನಿಲಕ್ಕೆ ಜಗ್ಗುವುದಿಲ್ಲ. ಹನಿ ಇರಕೂಡದು, ತೇವಾಂಶ ಬೇಕು. ಅದಕ್ಕೇ ಯಂತ್ರ ತಾನೇ ಒಳಗಿನ ಆರ್ದ್ರತೆಯನ್ನು ಶೇ 40ರಿಂದ 80ರ ನಡುವೆ ಕಾಪಾಡುತ್ತದೆ.

ಕಟ್ಟುವುದು, ತುಂಬುವುದು

ಒಂದು ಬದಿ ಕಾಗದ, ಇನ್ನೊಂದು ಬದಿ ಪ್ಲಾಸ್ಟಿಕ್ ಇರುವ ಪೌಚು ಅಥವಾ ಟೈವೆಕ್ (ಅನಿಲ ಹಾಯಬಲ್ಲ ಪ್ಲಾಸ್ಟಿಕ್ ನಾರಿನ ಹಾಳೆ) ಪೌಚು ಬಳಸಿ. ಅಲ್ಯೂಮಿನಿಯಂ ಫಾಯಿಲ್ ಬೇಡ, ಅನಿಲ ಒಳಹೋಗದು. ಟ್ಯೂಬುಗಳ ಒಳಗಿನ ತಂತಿ ಎಳೆದು ತೆಗೆಯಿರಿ, ಮುಚ್ಚಳ ಬಿಚ್ಚಿ, ವಾಲ್ವ್ ತೆರೆದಿಡಿ, ಬ್ಯಾಟರಿ ಹೊರಗಿಡಿ. ಪೌಚುಗಳನ್ನು ಪುಸ್ತಕದ ಹಾಗೆ ನಿಲ್ಲಿಸಿ, ಒಂದರ ಕಾಗದ ಇನ್ನೊಂದರ ಪ್ಲಾಸ್ಟಿಕ್ಕಿಗೆ ಎದುರಾಗುವಂತೆ ಜೋಡಿಸಿ. ನಡುವೆ ಕೈ ಆಡುವಷ್ಟು ಜಾಗವಿರಲಿ.

ಮೆತುವಾದ ಎಂಡೊಸ್ಕೋಪಿಗೆ ‘ಇಟಿಒ ಕ್ಯಾಪ್’ ಎಂಬ ಪುಟ್ಟ ಬಿರಡೆ ಬರುತ್ತದೆ. ಚೇಂಬರಿನಿಂದ ಗಾಳಿ ಹೀರುವಾಗ ಎಂಡೊಸ್ಕೋಪಿನೊಳಗೆ ಸಿಕ್ಕಿಬಿದ್ದ ಗಾಳಿ ಹಿಗ್ಗಿ, ತುದಿಯ ರಬ್ಬರು ಒಡೆಯದಿರಲು ಅದನ್ನು ಸಿಕ್ಕಿಸಲೇಬೇಕು. ನೀರಿನಲ್ಲಿ ಅದ್ದುವ ಮುನ್ನ ಅದನ್ನೇ ಮರೆಯದೆ ತೆಗೆಯಬೇಕು, ಇಲ್ಲವಾದರೆ ನೀರು ನುಗ್ಗಿ ಉಪಕರಣವೇ ಹಾಳು. ಇಷ್ಟು ದುಬಾರಿ ಸಾಧನದ ಹಣೆಬರಹ ಒಂದು ಬಿರಡೆಯ ಮೇಲೆ ನಿಂತಿರುವುದು ತಮಾಷೆಯೇ ಸರಿ.

ಅನಿಲದ ಪಾಳಿ

ಇಲ್ಲಿ ನಿಮ್ಮ ಕೆಲಸ ಕಡಿಮೆ. ದ್ರವರೂಪದ ಇಟಿಒ ತುಂಬಿದ ಪುಟ್ಟ ಡಬ್ಬಿ, ಅಂದರೆ ಕಾರ್ಟ್ರಿಜ್ ಇಟ್ಟು, ಬಾಗಿಲು ಭದ್ರಪಡಿಸಿ, ಗುಂಡಿ ಒತ್ತಿದರೆ ಯಂತ್ರ ಗಾಳಿ ಹೀರುತ್ತದೆ, ತೇವ ಬಿಡುತ್ತದೆ, ಆಮೇಲೆ ಅನಿಲ. ಲೀಟರಿಗೆ 450ರಿಂದ 1200 ಮಿಲಿಗ್ರಾಂ ಪ್ರಮಾಣ, 1ರಿಂದ 6 ಗಂಟೆ ಹೊತ್ತು. ಚೇಂಬರಿನ ಒಳಗೇ ಕಾರ್ಟ್ರಿಜ್ ತೂತಾಗುವ, ಹೊರಗಿನ ಗಾಳಿಗಿಂತ ಕಡಿಮೆ ಒತ್ತಡದಲ್ಲಿ ನಡೆಯುವ ಯಂತ್ರವೇ ಒಳ್ಳೆಯದು. ಎಲ್ಲೋ ಸಂದು ಬಿಟ್ಟರೂ ಹೊರಗಿನ ಗಾಳಿ ಒಳಹೋಗುತ್ತದೆಯೇ ಹೊರತು ಅನಿಲ ಹೊರಬೀಳುವುದಿಲ್ಲ.

ನಿಜವಾದ ಕೆಲಸ: ಏರೇಶನ್, ಅಂದರೆ ಗಾಳಿಯಾಡಿಸುವುದು

ಪ್ಲಾಸ್ಟಿಕ್, ರಬ್ಬರುಗಳು ಈ ಅನಿಲವನ್ನು ಸ್ಪಂಜು ನೀರು ಹೀರಿದಂತೆ ಹೀರಿಕೊಂಡಿರುತ್ತವೆ, ಬಿಟ್ಟುಕೊಡುವುದು ಮಾತ್ರ ನಿಧಾನವಾಗಿ. ಅದಕ್ಕಾಗಿ 50ರಿಂದ 60 ಡಿಗ್ರಿಯ ಬಿಸಿಗಾಳಿಯನ್ನು 8ರಿಂದ 12 ಗಂಟೆ ಹಾಯಿಸಬೇಕು. ಪಿವಿಸಿ ಟ್ಯೂಬಿಗೆ 60 ಡಿಗ್ರಿಯಲ್ಲಿ 8 ಗಂಟೆಯಾದರೆ 50 ಡಿಗ್ರಿಯಲ್ಲಿ 12 ಗಂಟೆ. ಕೋಣೆಯ 20 ಡಿಗ್ರಿಯಲ್ಲಿ ಹಾಗೇ ಬಿಟ್ಟರೆ 7 ದಿನ ಬೇಕು! ಅದರ ನಡುವೆ ಆ ಕೋಣೆಯ ಗಾಳಿ ಉಸಿರಾಡುವವರು ಯಾರು ಎಂಬ ಪ್ರಶ್ನೆಯೂ ಇದೆ.

ಆಪರೇಷನ್ ಥಿಯೇಟರಿನಿಂದ ‘ಬೇಗ ಕೊಡಿ’ ಎಂದು ಫೋನ್ ಬರುವುದು ಸಾಮಾನ್ಯವಾಗಿ ಇದೇ ಹೊತ್ತಿಗೆ. ಕೊಡಬೇಡಿ. ಅರೆಬರೆ ಗಾಳಿಯಾಡಿದ ಟ್ಯೂಬು ಗಂಟಲಿಗಿಳಿದರೆ ಶ್ವಾಸನಾಳ ಉರಿದು ಊದಿಕೊಳ್ಳಬಹುದು, ಚರ್ಮಕ್ಕೆ ತಾಗಿದ ವಸ್ತು ಸುಟ್ಟ ಗಾಯ ಮಾಡಬಹುದು. ಶುದ್ಧಿ ಮತ್ತು ಏರೇಶನ್ ಒಂದೇ ಚೇಂಬರಿನಲ್ಲಿ ನಡೆದು, ಮುಗಿಯುವವರೆಗೂ ಬಾಗಿಲ ಬೀಗ ಬಿಡದ ಯಂತ್ರವಿದ್ದರೆ ಈ ವಾದವೇ ಹುಟ್ಟದು. ಬೇರೆ ಏರೇಟರಿಗೆ ಸಾಗಿಸಲೇಬೇಕಾದಲ್ಲಿ ಗಾಡಿಯನ್ನು ತಳ್ಳಬೇಡಿ, ಎಳೆಯಿರಿ. ತಳ್ಳಿದರೆ ಅದರಿಂದೇಳುವ ಅನಿಲವೆಲ್ಲ ನಿಮ್ಮ ಮುಖಕ್ಕೇ.

ಪರೀಕ್ಷೆ

ಪೌಚಿನ ಪಟ್ಟಿ ಬಣ್ಣ ಬದಲಿಸಿದರೆ ಅನಿಲ ತಾಗಿದೆ ಎಂದಷ್ಟೇ ಅರ್ಥ, ಕ್ರಿಮಿ ಸತ್ತಿದೆ ಎಂದಲ್ಲ. ಪ್ರತಿ ಲೋಡಿನಲ್ಲೂ ಬ್ಯಾಸಿಲಸ್ ಆಟ್ರೋಫೇಯಸ್ ಬೀಜಕಣಗಳ ಇಂಡಿಕೇಟರ್ ಇಟ್ಟು, ನಂತರ 37 ಡಿಗ್ರಿ ಆಸುಪಾಸಿನಲ್ಲಿ ಬೆಳೆಸಿ ನೋಡಿ. ಏನೂ ಬೆಳೆಯದಿದ್ದರೆ ಶುದ್ಧಿ ಆಗಿದೆ ಎಂದರ್ಥ. ಆಟೊಕ್ಲೇವಿಗೆ ಬಳಸುವ ಇಂಡಿಕೇಟರಿನಲ್ಲಿರುವುದು ಬೇರೆ ಬ್ಯಾಕ್ಟೀರಿಯಾ, ಅದನ್ನು ಇಲ್ಲಿ ಇಟ್ಟು ಪ್ರಯೋಜನವಿಲ್ಲ.

ಅಲಾರಂ ಹೊಡೆದರೆ

ಸೋರಿಕೆ ಹುಡುಕುತ್ತಾ ನಿಲ್ಲಬೇಡಿ, ಸ್ವಿಚ್ ಮುಟ್ಟಬೇಡಿ, ಎಲ್ಲರನ್ನೂ ಹೊರಡಿಸಿ. ಮತ್ತೆ ಒಳಹೋಗಬೇಕಾದವರು ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿಕೊಂಡ, ತರಬೇತಿ ಪಡೆದ ಸಿಬ್ಬಂದಿ ಮಾತ್ರ. ಬಟ್ಟೆಯ ಮಾಸ್ಕು ಇಲ್ಲಿ ಲೆಕ್ಕಕ್ಕಿಲ್ಲ. ಕಣ್ಣಿಗೆ ಸಿಡಿದರೆ ಕನಿಷ್ಠ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ವೈದ್ಯರ ಬಳಿ ಹೋಗಿ. ದ್ರವ ಬಿದ್ದ ಬಟ್ಟೆಯನ್ನು ತಕ್ಷಣ ಕಳಚಿ. ಚರ್ಮದ ಶೂ, ಬೆಲ್ಟುಗಳನ್ನಂತೂ ತೊಳೆದು ಮತ್ತೆ ಹಾಕಿಕೊಳ್ಳುವಂತಿಲ್ಲ. ಅವೂ ಅನಿಲ ಹೀರಿಕೊಂಡಿರುತ್ತವೆ, ಎಸೆಯಲೇಬೇಕು.