ಹುಬ್ಬಳ್ಳಿಯ ಎಡಗಡೆ ಸೀಟಿನಲ್ಲಿ ಕೂತು ಜರ್ಮನಿಯ ಲೈಸೆನ್ಸ್ ಪಡೆದದ್ದು: ನನ್ನ ಅನುಭವ

ಜರ್ಮನಿಯ ಲೈಸೆನ್ಸ್ ಕೈಗೆ ಬಂದು ಮೂರು ವಾರ ಆಯಿತು. ದೀಪಾವಳಿ ರಜೆಗೆ ಹುಬ್ಬಳ್ಳಿಗೆ ಹೋಗಿ ಅಲ್ಲೇ ಪರೀಕ್ಷೆಗೆ ತಯಾರಿ ಮಾಡುತ್ತೇನೆ ಅಂದಾಗ ಇಲ್ಲಿನ ಗೆಳೆಯರು ಯಾರೂ ಒಪ್ಪಲಿಲ್ಲ. "ಅಲ್ಲಿ ಎಡಕ್ಕೆ ಓಡಿಸಿದರೆ ಇಲ್ಲಿ ಕಲಿತದ್ದೂ ಹೋಗುತ್ತೆ, ಸುಮ್ನೆ ಇನ್ನೊಂದು ಇಪ್ಪತ್ತು ಕ್ಲಾಸ್ ತಗೋ" ಅಂದರು. ನಾನು ಮೊದಲಿಂದ ಕೊನೆವರೆಗೆ ತೆಗೆದುಕೊಂಡದ್ದು ಒಂಬತ್ತೇ ಕ್ಲಾಸ್. ಪಾಸಾಗಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಪರೀಕ್ಷೆ ಇಲ್ಲದೆ ಲೈಸೆನ್ಸ್ ಬದಲಾಯಿಸಿಕೊಡುವ ದೇಶಗಳ ಜರ್ಮನಿಯ ಪಟ್ಟಿಯಲ್ಲಿ ಭಾರತ ಇಲ್ಲ, ಥಿಯರಿ ಮತ್ತು ಪ್ರಾಕ್ಟಿಕಲ್ ಎರಡೂ ಕೊಡಬೇಕು, ಬಂದು ನೆಲೆಸಿ ಆರು ತಿಂಗಳಾದ ಮೇಲೆ ನಮ್ಮ ಭಾರತದ ಲೈಸೆನ್ಸ್ ಕಾರ್ಡ್ ನಡೆಯಲ್ಲ. ಇಷ್ಟು ನಿಮಗೆ ಗೊತ್ತಿರುತ್ತೆ. ಕಣ್ಣಿನ ಪರೀಕ್ಷೆ, ಪ್ರಥಮ ಚಿಕಿತ್ಸೆಯ ಕೋರ್ಸ್, ಫೋಟೊ, ಇವು ಎರಡು ಶನಿವಾರದ ಕೆಲಸ. ನನ್ನ ದುಡ್ಡು ಹೋದದ್ದು ಬೇರೆ ಕಡೆ.

ಮೊದಲು ಸೇರಿದ ಡ್ರೈವಿಂಗ್ ಸ್ಕೂಲಿನವರು ಹೊಸಬರ ಹಾಗೆ 14 ಥಿಯರಿ ಕ್ಲಾಸ್, ಹೆದ್ದಾರಿ, ರಾತ್ರಿ ಎಲ್ಲ ಸೇರಿ 12 ವಿಶೇಷ ಕ್ಲಾಸ್ ಕಡ್ಡಾಯ ಅಂದರು. ನಂಬಿ ಸುಮಾರು 300 ಯೂರೊ ಕಟ್ಟಿಬಿಟ್ಟೆ. ಆಮೇಲೆ ಗೊತ್ತಾಯಿತು, ಬೇರೆ ದೇಶದ ಲೈಸೆನ್ಸ್ ಬದಲಾಯಿಸುವವರಿಗೆ ಇದ್ಯಾವುದೂ ಕಡ್ಡಾಯ ಅಲ್ಲ. ಪರೀಕ್ಷೆಗೆ ಸ್ಕೂಲಿನ ಕಾರು ಬೇಕು, ಪಕ್ಕದಲ್ಲಿ ಅವರ ಶಿಕ್ಷಕರು ಇರಬೇಕು, ಅಷ್ಟೇ. ದುಡ್ಡು ವಾಪಸ್ ಬರಲಿಲ್ಲ. ಕಡಿಮೆ ಕ್ಲಾಸಿಗೆ ಒಪ್ಪುವ ಸ್ಕೂಲ್ ಹುಡುಕೋಕೆ ಒಂದೂವರೆ ತಿಂಗಳು ಹಿಡಿಯಿತು. ಅವರು ಯಾವ ಮಾತಿಗೆ ಒಪ್ಪಿದರು ಅನ್ನೋದನ್ನು ಇಲ್ಲಿ ಬರೆಯಲ್ಲ. ಎದುರಿಗೆ ಸಿಕ್ಕರೆ ಹೇಳುತ್ತೇನೆ.

ಎರಡನೇ ಪೆಟ್ಟು ಕಾಗದಪತ್ರದಲ್ಲಿ ಬಿತ್ತು. ನನ್ನದು ಹಳೇ ಕೆಎ-25 ಲೈಸೆನ್ಸ್. ಹಿಂದಿನ ವರ್ಷ ರಜೆಗೆ ಹೋದಾಗ ವಿಳಾಸ ಬದಲಾಯಿಸಿ ಹೊಸ ಕಾರ್ಡ್ ಮಾಡಿಸಿದ್ದೆ. ಅದರ ಮೇಲೆ ಎದ್ದು ಕಾಣುವ ತಾರೀಖು ನಾನು ಜರ್ಮನಿಯಲ್ಲಿ ನೆಲೆಸಿದ ನಂತರದ್ದು. ಕೌಂಟರಿನಲ್ಲಿ ಕೂತವರಿಗೆ, ಇವನು ಇಲ್ಲಿಗೆ ಬಂದ ಮೇಲೆ ಊರಿಗೆ ಹೋಗಿ ಲೈಸೆನ್ಸ್ ಮಾಡಿಸಿಕೊಂಡು ಬಂದಿದ್ದಾನೆ ಅಂತ ಅನುಮಾನ. ಹಾಗೆ ಮಾಡಿಸಿದ ಲೈಸೆನ್ಸ್ ಇಲ್ಲಿ ಲೆಕ್ಕಕ್ಕಿಲ್ಲ. ಮೊದಲು ಲೈಸೆನ್ಸ್ ಕೊಟ್ಟ ತಾರೀಖಿಗೆ ದಾಖಲೆ ತನ್ನಿ ಅಂದರು.

ಅದಕ್ಕೆ ಭಾರತದ ಲೈಸೆನ್ಸ್ ಕೆಲಸಗಳ ಸಾರಥಿ ಪೋರ್ಟಲ್‌ನಲ್ಲಿ ಡಿಎಲ್ ಎಕ್ಸ್‌ಟ್ರ್ಯಾಕ್ಟ್‌ಗೆ, ಅಂದರೆ ಲೈಸೆನ್ಸಿನ ವಿವರಗಳ ದಾಖಲೆಗೆ, ಅರ್ಜಿ ಹಾಕಬೇಕು. ಒಟಿಪಿ ಹೋಗೋದು ಊರಿನ ನಂಬರಿಗೆ. ನನ್ನ ಸಿಮ್ ರೀಚಾರ್ಜ್ ಇಲ್ಲದೆ ಯಾವತ್ತೋ ಸತ್ತಿತ್ತು. ಮೊಬೈಲ್ ನಂಬರ್ ಬದಲಾಯಿಸಿ, ಅರ್ಜಿ ಹಾಕಿ, ಸಹಿ ಸೀಲು ಹಾಕಿಸಿ ಅಣ್ಣ ಕೊರಿಯರ್ ಮಾಡುವಷ್ಟರಲ್ಲಿ ಐದಾರು ವಾರ ಹೋಯಿತು. ಇಲ್ಲಿ ಅದನ್ನು ಮತ್ತೆ ಜರ್ಮನ್‌ಗೆ ಅನುವಾದ ಮಾಡಿಸಿದೆ. ಕಾರ್ಡಿಗೆ ಮೊದಲು ಮಾಡಿಸಿದ್ದ ಅನುವಾದದ 65 ಯೂರೊ ನೀರುಪಾಲು. ಇನ್ನೂ ಹೊರಡದೇ ಇರುವವರು ಎಕ್ಸ್‌ಟ್ರ್ಯಾಕ್ಟ್ ಈಗಲೇ ತೆಗೆಸಿಟ್ಟುಕೊಳ್ಳಿ, ಊರಿನ ಸಿಮ್ ಜೀವಂತ ಇಡಿ.

ಥಿಯರಿ ಬಗ್ಗೆ ಜಾಸ್ತಿ ಹೇಳೋದಿಲ್ಲ. 30 ಪ್ರಶ್ನೆ, 10 ತಪ್ಪು ಅಂಕದವರೆಗೆ ಪಾಸ್, ಆದರೆ 5 ಅಂಕದ ಎರಡು ಪ್ರಶ್ನೆ ತಪ್ಪಿದರೆ ಫೇಲ್. ನಾನು ಇಂಗ್ಲಿಷಿನಲ್ಲಿ ಕೊಟ್ಟೆ. ನನಗೆ ಬಿದ್ದದ್ದು 2 ತಪ್ಪು ಅಂಕ. ಗಾಡಿ ನಿಲ್ಲುವ ದೂರದ ಲೆಕ್ಕ ಬಾಯಿಪಾಠ ಇರಲಿ. ವೇಗವನ್ನು ಹತ್ತರಿಂದ ಭಾಗಿಸಿ ಮೂರರಿಂದ ಗುಣಿಸಿ. ಹತ್ತರಿಂದ ಭಾಗಿಸಿದ್ದನ್ನು ಅದರಿಂದಲೇ ಗುಣಿಸಿ. ಎರಡನ್ನೂ ಕೂಡಿಸಿ. 50ಕ್ಕೆ 15 ಮತ್ತು 25, ಒಟ್ಟು 40 ಮೀಟರ್. ಸಾವಿರಕ್ಕೂ ಜಾಸ್ತಿ ಪ್ರಶ್ನೆಗಳನ್ನು ಯಾವ ಸಾಲಿನಲ್ಲಿ ಓದಿದೆ ಅನ್ನೋದು ನನ್ನ ಹತ್ತಿರವೇ ಇರಲಿ.

ಇನ್ನು ಪ್ರಾಕ್ಟಿಕಲ್. ಸೆಪ್ಟೆಂಬರ್‌ನಲ್ಲಿ ಮೊದಲ ಸಲ ಕೊಟ್ಟೆ, ಆರು ಕ್ಲಾಸ್ ಆದ ಮೇಲೆ. ಪರೀಕ್ಷೆ 55 ನಿಮಿಷದ್ದು. ನನ್ನದು ಹನ್ನೆರಡನೇ ನಿಮಿಷಕ್ಕೇ ಮುಗಿಯಿತು. ಗಂಟೆಗೆ 30 ಕಿ.ಮೀ. ಮಿತಿಯ ಬಡಾವಣೆ, ನಾನಿದ್ದದ್ದು ಅಗಲ ರಸ್ತೆ, ಬಲಗಡೆಯಿಂದ ಒಂದು ಸಣ್ಣ ಓಣಿ. ಬೋರ್ಡೂ ಇಲ್ಲ, ಸಿಗ್ನಲ್ಲೂ ಇಲ್ಲ. ಇಂಥ ಕಡೆ ಜರ್ಮನಿಯಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು. ದೊಡ್ಡ ರಸ್ತೆಯವನು ನಾನು, ಓಣಿಯವನು ನಿಲ್ಲುತ್ತಾನೆ ಅಂತ ಮುಂದೆ ಹೋದೆ. ಓಣಿಯಿಂದ ಕಾರು ಬಂತು. ನನ್ನ ಕಾಲು ಬ್ರೇಕಿಗೆ ಹೋಗುವ ಮೊದಲೇ ಪಕ್ಕದಲ್ಲಿದ್ದ ಶಿಕ್ಷಕರು ಬ್ರೇಕ್ ಹಾಕಿದರು. ಅವರು ಬ್ರೇಕ್ ಹಾಕಿದರೆ ಪರೀಕ್ಷೆ ಅಲ್ಲಿಗೇ ಮುಗೀತು. ಹಿಂದೆ ಕೂತ ಪರೀಕ್ಷಕರು ಕೊಟ್ಟ ಹಾಳೆಯಲ್ಲಿ ಇನ್ನೂ ಎರಡು ಸಾಲು ಇದ್ದವು. ಎರಡು ಕಡೆ ಬಲಕ್ಕೆ ತಿರುಗುವಾಗ ಭುಜದ ಮೇಲಿಂದ ಹಿಂದೆ ನೋಡಿಲ್ಲ, ಸೈಕಲ್ ಇದ್ದಿದ್ದರೆ ಗತಿ ಏನು ಅಂತ.

ಆ ರಾತ್ರಿ ಹಾಳೆ ಮುಂದೆ ಇಟ್ಟುಕೊಂಡು ಕೂತಾಗ ಒಂದು ವಿಷಯ ಹೊಳೆಯಿತು. ಗೇರು, ಕ್ಲಚ್ಚು, ಸ್ಟೀರಿಂಗು, ಪಾರ್ಕಿಂಗು, ಇವುಗಳಲ್ಲಿ ಒಂದೂ ತಪ್ಪಿಲ್ಲ. ಮೂರೂ ತಪ್ಪು ಕತ್ತಿನವು. ಕತ್ತು ತಿರುಗಿಸೋದನ್ನು ಕಲಿಯೋಕೆ 45 ನಿಮಿಷಕ್ಕೆ 62 ಯೂರೊ ಯಾಕೆ ಕೊಡಬೇಕು? ರಜೆ ಹೇಗೂ ಬುಕ್ ಆಗಿತ್ತು.

ಗದಗಿನ ನಮ್ಮ ಕಾಕಾ ಸಾರಿಗೆ ಸಂಸ್ಥೆಯಲ್ಲಿ ಬಸ್ ಓಡಿಸಿ ನಿವೃತ್ತರಾದವರು. ಹಬ್ಬಕ್ಕೆ ಹುಬ್ಬಳ್ಳಿಗೆ ಬಂದಿದ್ದರು. ಬೆಳಿಗ್ಗೆ ಆರಕ್ಕೆ ಅಪ್ಪನ ಹಳೇ ವ್ಯಾಗನ್ ಆರ್ ತೆಗೆದುಕೊಂಡು ಇಬ್ಬರೂ ನವನಗರಕ್ಕೆ ಹೋಗುತ್ತಿದ್ದೆವು. ಚಿಗರಿ ಬಸ್ಸಿನ ದಾರಿ ಬಿಟ್ಟು ಒಳಗೆ ಹೋದರೆ ಕ್ರಾಸ್ ಮೇಲೆ ಕ್ರಾಸ್, ಯಾವುದಕ್ಕೂ ಬೋರ್ಡ್ ಇಲ್ಲ. ನನಗೆ ಬೇಕಾದದ್ದೇ ಅದು. ಮೊದಲ ದಿನ ಪ್ರತಿ ಕ್ರಾಸಿನಲ್ಲಿ ನಿಧಾನ ಮಾಡಿ ಬಲಕ್ಕೆ ನೋಡಿದೆ.

"ಯಾರೂ ಬರವಲ್ರು, ಸುಮ್ನ ಯಾಕ ನಿಂದ್ರಸ್ತೀ ತಮ್ಮಾ?" ಅಂದರು ಕಾಕಾ.

"ಬಲಗಡೆಯವರಿಗೆ ದಾರಿ ಬಿಡಬೇಕಂತ್ರಿ ಕಾಕಾ, ಅಲ್ಲಿ ರೂಲ್ ಐತಿ."

"ಅಲ್ಲಷ್ಟ ಅಲ್ಲೋ, ನಮ್ಮಲ್ಲೂ ಅದ ರೂಲ್ ಐತಿ. ನಾವು ಟ್ರೇನಿಂಗಿನ್ಯಾಗ ಓದೇವಿ."

ಮನೆಗೆ ಬಂದು ಹುಡುಕಿದೆ. ಕಾಕಾ ಹೇಳಿದ್ದು ಸರಿ. ನಮ್ಮ ರಸ್ತೆ ನಿಯಮಗಳಲ್ಲೇ ಇದೆ. ಮುಖ್ಯ ರಸ್ತೆ ಅಂತ ಗುರುತು ಮಾಡಿರದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು. ಹತ್ತು ವರ್ಷ ಗಾಡಿ ಓಡಿಸಿದ ನನಗೆ ಅದು ಗೊತ್ತಿರಲಿಲ್ಲ.

ಆದರೆ ಒಂದು ತೊಡಕು. ನಮ್ಮ ಕಾರಿನಲ್ಲಿ ಬಲಗಡೆ ಅಂದರೆ ನನ್ನದೇ ಕಿಟಕಿ. ಜರ್ಮನ್ ಕಾರಿನಲ್ಲಿ ಬಲಗಡೆ ಅಂದರೆ ಪಕ್ಕದ ಸೀಟು ದಾಟಿ ಆಚೆ ನೋಡಬೇಕು. ಮೂರನೇ ದಿನ ಸೀಟು ಬದಲಾಯಿಸಿದೆವು. ಕಾಕಾ ಸ್ಟೀರಿಂಗ್ ಹಿಡಿದರು, ನಾನು ಎಡಗಡೆ ಸೀಟಿನಲ್ಲಿ ಕೂತೆ. ಜರ್ಮನಿಯಲ್ಲಿ ಚಾಲಕ ಕೂರುವ ಜಾಗ ಅದೇ ಅಲ್ವಾ? ಕಾಕಾ ಇಪ್ಪತ್ತು ಇಪ್ಪತ್ತೈದರ ವೇಗದಲ್ಲಿ ಓಡಿಸುತ್ತಿದ್ದರು. ನಾನು ಕೈ ಕಟ್ಟಿಕೊಂಡು, ಕತ್ತು ತಿರುಗಿಸಿ, "ಬಲ ನೋಡಿದೆ, ಖಾಲಿ" ಅಂತ ಗಟ್ಟಿಯಾಗಿ ಹೇಳಬೇಕು. ಅವ್ವನ ಸ್ಟಿಕ್ಕರ್ ಬೊಟ್ಟು ಒಂದನ್ನು ಮುಂದಿನ ಗಾಜಿನ ಬಲತುದಿಗೆ, ಕಂಬದ ಹತ್ತಿರ ಅಂಟಿಸಿದ್ದೆ. ಕಣ್ಣು ಆ ಕೆಂಪು ಬೊಟ್ಟು ದಾಟಿ ಆಚೆ ಹೋದರೆ ಮಾತ್ರ ನೋಡಿದ ಲೆಕ್ಕ. ತಪ್ಪಿದರೆ ಕಾಕಾ ಸ್ಟೀರಿಂಗ್ ಮೇಲೆ ಎರಡು ಸಲ ಬೆರಳಿನಿಂದ ಬಡಿಯುತ್ತಿದ್ದರು, ನಾನು ಹಳೇ ಲಗ್ನಪತ್ರಿಕೆಯ ಹಿಂದೆ ಗೆರೆ ಎಳೆಯುತ್ತಿದ್ದೆ. ಮೊದಲ ಬೆಳಿಗ್ಗೆ ನಲವತ್ತರ ಹತ್ತಿರ ಗೆರೆ. ಹತ್ತನೇ ದಿನ ಮೂರು.

ಭುಜದ ನೋಟಕ್ಕೆ ಮಾತ್ರ ನಾನೇ ಓಡಿಸಿದೆ. ಜರ್ಮನಿಯಲ್ಲಿ ಬಲಕ್ಕೆ ತಿರುಗೋದು, ನಮ್ಮೂರಲ್ಲಿ ಎಡಕ್ಕೆ ತಿರುಗೋದು, ಎರಡೂ ಕನ್ನಡಿಯೊಳಗಿನ ಬಿಂಬದ ಹಾಗೆ. ವಿದ್ಯಾನಗರದಲ್ಲಿ ಸಂಜೆ ಹೊತ್ತು ಎಡಗಡೆ ಸಂದಿಯಲ್ಲಿ ಸ್ಕೂಟಿಗಳು ನುಗ್ಗಿ ಬರುತ್ತವೆ. ಜರ್ಮನಿಯ ಸೈಕಲ್ಲಿಗೆ ಇದಕ್ಕಿಂತ ಒಳ್ಳೆ ತಯಾರಿ ಇಲ್ಲ. ಜರ್ಮನಿಯಲ್ಲಿ ಹತ್ತು ಸಲ ನೋಡಿದರೆ ಒಮ್ಮೆ ಸೈಕಲ್ ಇರುತ್ತೆ, ವಿದ್ಯಾನಗರದಲ್ಲಿ ಹತ್ತು ಸಲ ನೋಡಿದರೆ ಎಂಟು ಸಲ ಯಾರೋ ಇರುತ್ತಾರೆ.

ಒಂದು ಪ್ರಯೋಗ ಕೆಟ್ಟಿತು. ಎಡಗಡೆ ಸೀಟಿನಲ್ಲಿ ಕೂತಾಗ ನನಗೆ ಕಾಣಲಿ ಅಂತ ಎಡ ಕನ್ನಡಿಯನ್ನು ನನ್ನ ಕಡೆ ತಿರುಗಿಸಿದ್ದೆ. ಅದೇ ಬದಿಯಿಂದ ಒಂದು ಬೈಕ್ ಬಂದದ್ದು ಕಾಕಾಗೆ ಕಾಣಲಿಲ್ಲ. ಒಂದು ಗೇಣಿನಲ್ಲಿ ತಪ್ಪಿತು. ಅಲ್ಲೇ ನಿಲ್ಲಿಸಿ ಕನ್ನಡಿ ಸರಿ ಮಾಡಿದೆ. ಯಾರೂ ಅದನ್ನು ಮಾಡಬೇಡಿ.

ವಾಪಸ್ ಬಂದ ಮೇಲೆ ಭಾನುವಾರ ಬೆಳಿಗ್ಗೆ ಸೈಕಲ್ ತೆಗೆದುಕೊಂಡು ಪರೀಕ್ಷೆ ನಡೆಯುವ ಕಡೆಯ ಬಡಾವಣೆಗಳನ್ನೆಲ್ಲ ಸುತ್ತಿದೆ. ಬಲಗಡೆಯ ರೂಲ್ ಸೈಕಲ್ಲಿಗೂ ಇದೆ, ಹಾಗಾಗಿ ಅದೂ ಅಭ್ಯಾಸವೇ. ಬೋರ್ಡ್ ಇಲ್ಲದ ಕ್ರಾಸ್‌ಗಳನ್ನು ಗುರುತು ಹಾಕಿದೆ. ಮೂವತ್ತಕ್ಕೂ ಜಾಸ್ತಿ ಸಿಕ್ಕವು. ರಸ್ತೆಯ ಬಲಬದಿಗೆ ಹೊಂದಿಕೊಳ್ಳೋಕೆ ಮೂರು ಕ್ಲಾಸ್ ತೆಗೆದುಕೊಂಡೆ. ಎರಡನೆಯದರಲ್ಲೇ ಶಿಕ್ಷಕರು, ಊರಲ್ಲಿ ಯಾವ ಸ್ಕೂಲಿಗೆ ಹೋಗಿದ್ದೆ ಅಂತ ಕೇಳಿದರು.

ಡಿಸೆಂಬರ್‌ನಲ್ಲಿ ಎರಡನೇ ಸಲ. ಬೇಲಿ ಗಿಡದ ಹಿಂದಿನ ಓಣಿಯಿಂದ ಬಿಳಿ ವ್ಯಾನ್ ಮೂತಿ ಹೊರಗೆ ಹಾಕಿದಾಗ ನನ್ನ ಗಾಡಿ ಆಗಲೇ ನಿಂತಿತ್ತು. ವ್ಯಾನಿನವನು ಕೈ ಎತ್ತಿ ಹೋದ. ಪೂರ್ತಿ ಪರೀಕ್ಷೆಯಲ್ಲಿ ಹಾಳೆಗೆ ಬಿದ್ದದ್ದು ಒಂದೇ ಮಾತು, ಹೆದ್ದಾರಿಗೆ ಸೇರುವಾಗ ಇನ್ನಷ್ಟು ವೇಗ ಬೇಕಿತ್ತು ಅಂತ.

ನೆನಪಿರುವ ಮಟ್ಟಿಗೆ ಖರ್ಚು ಹೀಗೆ. ಒಂಬತ್ತು ಕ್ಲಾಸಿಗೆ 560, ಎರಡನೇ ಸ್ಕೂಲಿನ ನೋಂದಣಿ 200, ಎರಡು ಪ್ರಾಕ್ಟಿಕಲ್‌ನ ಪರೀಕ್ಷಾ ಶುಲ್ಕ 260, ಆ ಎರಡು ದಿನ ಸ್ಕೂಲಿನವರು ತೆಗೆದುಕೊಂಡದ್ದು 360, ಅನುವಾದ 130, ಥಿಯರಿ 25, ಉಳಿದ ಸಣ್ಣಪುಟ್ಟದ್ದು 120. ಮೊದಲ ಸ್ಕೂಲಿನಲ್ಲಿ ಕಳೆದ 300 ಸೇರಿಸಿ ಒಟ್ಟು 1,950ರ ಹತ್ತಿರ. ಇಪ್ಪತ್ತು ಕ್ಲಾಸ್ ತಗೋ ಅಂದ ಗೆಳೆಯರದ್ದು 3,000 ದಾಟಿತ್ತು. ನನ್ನ ತಪ್ಪುಗಳನ್ನು ನೀವು ಮಾಡದಿದ್ದರೆ 1,100ರ ಆಸುಪಾಸಿನಲ್ಲಿ ಮುಗಿಯುತ್ತೆ. ಆಟೊಮ್ಯಾಟಿಕ್‌ನಲ್ಲಿ ಕೊಟ್ಟರೆ ಸುಲಭ ಅಂತಾರೆ, ಆದರೆ ಗೇರಿನ ಗಾಡಿಯ ತರಬೇತಿ ಬೇರೆ ಮಾಡಿಕೊಳ್ಳದಿದ್ದರೆ ಕಾರ್ಡಿನ ಮೇಲೆ 78 ಅನ್ನೋ ಸಂಕೇತ ಬೀಳುತ್ತೆ, ಗೇರಿನ ಗಾಡಿ ಮುಟ್ಟೋ ಹಾಗಿಲ್ಲ. ಹುಬ್ಬಳ್ಳಿಯಲ್ಲಿ ಗೇರಿನ ಗಾಡಿ ಓಡಿಸಿದವರಿಗೆ ಅದು ಬೇಡ.

ಹೊಸ ಕಾರ್ಡ್ ಕೊಡುವಾಗ ಕೌಂಟರಿನಲ್ಲಿ ನಮ್ಮ ಕಾರ್ಡ್ ತೆಗೆದುಕೊಳ್ಳುತ್ತಾರೆ. ಎರಡೂ ಬದಿಯ ಜೆರಾಕ್ಸ್ ಮೊದಲೇ ಮಾಡಿಸಿಟ್ಟುಕೊಳ್ಳಿ. ನಾನು ಮಾಡಿಸಿದ್ದೆ. ಪಾಸಾದ ಸುದ್ದಿ ಹೇಳೋಕೆ ಕಾಕಾಗೆ ಫೋನ್ ಮಾಡಿದಾಗ ಅವರು ಮೊದಲು ಕೇಳಿದ್ದು, ಗೆರೆ ಎಷ್ಟು ಬಿತ್ತು ಅಂತ. ಬಲಗಡೆಯದ್ದು ಒಂದೂ ಇಲ್ಲರಿ ಅಂದೆ.