ಯುದ್ಧದ ನಡುವೆ ಆಸ್ಪತ್ರೆಯ ರಕ್ಷಣೆ: ನಾನು ಕೆಲಸ ಮಾಡುವ ಕ್ರಮ

ಎರಡು ದೇಶಗಳ ಯುದ್ಧದಲ್ಲಿ ಸಿಕ್ಕಿಕೊಂಡ ಆಸ್ಪತ್ರೆಗೆ ಹೋದಾಗ ನಾನು ಮೊದಲು ಕೇಳುವುದು ಪ್ರಮಾಣಪತ್ರವನ್ನು. ಬಣ್ಣ, ಬ್ರಷ್ಷು ಆಮೇಲೆ. 1949ರ ನಾಲ್ಕನೇ ಜಿನೀವಾ ಒಪ್ಪಂದದ 18ನೇ ವಿಧಿ ನಾಗರಿಕ ಆಸ್ಪತ್ರೆಯ ಮೇಲಿನ ದಾಳಿಯನ್ನು ಸಂಪೂರ್ಣ ನಿಷೇಧಿಸುತ್ತದೆ. ಇದು ನಾಗರಿಕ ಆಸ್ಪತ್ರೆ, ರಕ್ಷಣೆ ಕಳೆಯುವಂಥ ಯಾವ ಕೆಲಸಕ್ಕೂ ಕಟ್ಟಡ ಬಳಕೆಯಾಗುತ್ತಿಲ್ಲವೆಂದು ಪ್ರಮಾಣಪತ್ರ ಕೊಡಬೇಕಾದ್ದು ಆ ದೇಶದ ಸರ್ಕಾರ. ರೆಡ್ ಕ್ರಾಸ್ ಅಥವಾ ರೆಡ್ ಕ್ರೆಸೆಂಟ್ ಚಿಹ್ನೆ ಹಾಕಲೂ ಅದರ ಅನುಮತಿ ಬೇಕು. ಚಿಹ್ನೆ ಇಲ್ಲವೆಂದು ರಕ್ಷಣೆ ತಪ್ಪುವುದಿಲ್ಲ. ಆದರೆ ಮೇಲೆ ಹಾರುವವನಿಗೆ ಒಪ್ಪಂದ ಕಾಣುವುದಿಲ್ಲ, ಚಾವಣಿ ಕಾಣುತ್ತದೆ.

ಚಿಹ್ನೆಯನ್ನು ಬಹುತೇಕರು ತೀರಾ ಚಿಕ್ಕದಾಗಿ ಬರೆಸುತ್ತಾರೆ. 5 ಮೀಟರ್ ಉದ್ದಗಲದ ಚಿಹ್ನೆ 2,500 ಮೀಟರ್‌ಗಿಂತ ಮೇಲಿನಿಂದ ಗುರುತು ಸಿಗುವುದೇ ಕಷ್ಟವೆಂದು 1936ರ ಪ್ರಯೋಗದಲ್ಲೇ ಗೊತ್ತಾಗಿತ್ತು. ಹಾಗಾಗಿ ಚಾವಣಿಯ ಪೂರ್ತಿ ಅಗಲವನ್ನು ಬಳಸುತ್ತೇನೆ, ಗೋಡೆಗಳ ಮೇಲೂ ಹಾಕಿಸುತ್ತೇನೆ. ಸಾಮಾನ್ಯ ಕೆಂಪು ಮತ್ತು ಬಿಳಿ ಬಣ್ಣಗಳು ಇನ್‌ಫ್ರಾರೆಡ್ ಕ್ಯಾಮೆರಾದಲ್ಲಿ ಒಂದೇ ಥರ ಕಾಣಬಹುದು. ಕೆಂಪಿನ ಅಡಿಯಲ್ಲಿ ಕಪ್ಪು ಪ್ರೈಮರ್ ಬಳಿದರೆ ವ್ಯತ್ಯಾಸ ಮೂಡುತ್ತದೆ. ಜಿನೀವಾ ಒಪ್ಪಂದಗಳಿಗೆ ಸೇರಿಸಿದ 1977ರ ಮೊದಲನೇ ಹೆಚ್ಚುವರಿ ಪ್ರೋಟೋಕಾಲ್‌ನ ಅನುಬಂಧವೂ ಇದಕ್ಕೆ ಅವಕಾಶ ಕೊಟ್ಟಿದೆ. ರಾತ್ರಿಯ ದೀಪಗಳನ್ನು ಜನರೇಟರ್‌ನ ತುರ್ತು ಸಾಲಿಗೇ ಜೋಡಿಸಿ.

ನಮ್ಮೂರುಗಳಲ್ಲಿ ಕ್ಲಿನಿಕ್ಕು, ಔಷಧದಂಗಡಿ, ವೈದ್ಯರ ಕಾರು ಎಲ್ಲದರ ಮೇಲೂ ರೆಡ್ ಕ್ರಾಸ್ ಇರುತ್ತದೆ. ಭಾರತದ 1960ರ ಜಿನೀವಾ ಒಪ್ಪಂದಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಅದನ್ನು ಬಳಸುವಂತಿಲ್ಲ. ಕಂಡಕಂಡಲ್ಲಿ ಬಳಸಿದ ಚಿಹ್ನೆಯನ್ನು ಯುದ್ಧದ ದಿನ ಯಾರು ನಂಬುತ್ತಾರೆ? ಇದು ನನಗೆ ನಿಜಕ್ಕೂ ನೋವಿನ ಸಂಗತಿ.

ಆಸ್ಪತ್ರೆಯ ನಿರ್ದೇಶಾಂಕಗಳನ್ನು (ಅಕ್ಷಾಂಶ, ರೇಖಾಂಶ) ಎರಡೂ ಪಕ್ಷಗಳಿಗೆ ಲಿಖಿತವಾಗಿ ಕಳಿಸುತ್ತೇನೆ. ಗೇಟಿನ ಒಂದು ಬಿಂದು ಸಾಲದು. ಆವರಣದ ಎಲ್ಲ ಮೂಲೆಗಳೂ ಬೇಕು, ದಶಾಂಶದ ನಂತರ ಐದು ಅಂಕೆಗಳವರೆಗೆ. ಡಿಗ್ರಿ-ಮಿನಿಟನ್ನು ದಶಾಂಶವೆಂದು ಓದುವುದು ಪದೇಪದೇ ಆಗುವ ತಪ್ಪು. ಅಕ್ಷಾಂಶ 48 ಡಿಗ್ರಿ 30 ಮಿನಿಟ್ ಅಂದರೆ 48.5. ಅದನ್ನು 48.30 ಎಂದು ಬರೆದರೆ ಆಸ್ಪತ್ರೆ ನಕ್ಷೆಯಲ್ಲಿ 22 ಕಿಲೋಮೀಟರ್ ಸರಿದುಹೋಗುತ್ತದೆ. ತಲುಪಿತೆಂಬ ಉತ್ತರ ಬರೆಸಿಕೊಳ್ಳಿ, ಹೋರಾಟದ ಸಾಲು ಸರಿದಾಗಲೆಲ್ಲ ಮತ್ತೆ ಕಳಿಸಿ. 2015ರ ಅಕ್ಟೋಬರ್ 3ರಂದು ಅಫ್ಘಾನಿಸ್ತಾನದ ಕುಂದುಜ್‌ನಲ್ಲಿ ಎಂಎಸ್‌ಎಫ್ (ಗಡಿಯಿಲ್ಲದ ವೈದ್ಯರ ಸಂಸ್ಥೆ) ಆಸ್ಪತ್ರೆಯ ಮೇಲೆ ಅಮೆರಿಕದ ವಿಮಾನ ದಾಳಿ ಮಾಡಿತು. ಆ ಆಸ್ಪತ್ರೆ ಅಮೆರಿಕದ ದಾಳಿ ನಿಷೇಧ ಪಟ್ಟಿಯಲ್ಲಿತ್ತು. ಆ ಪಟ್ಟಿ ದಾಳಿಯ ವಿಮಾನದಲ್ಲಿರಲಿಲ್ಲ. 42 ಜನ ಸತ್ತರು. ಅದು ಎರಡು ದೇಶಗಳ ನಡುವಿನ ಯುದ್ಧವಲ್ಲ, ಆದರೂ ಮಾಹಿತಿ ಎಲ್ಲಿ ಸೋರುತ್ತದೆಂಬುದಕ್ಕೆ ಅದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ.

ಒಳಗಿನ ಶಿಸ್ತು ಕಷ್ಟದ್ದು. ಗಾಯಗೊಂಡ ಸೈನಿಕರಿಗೆ ಚಿಕಿತ್ಸೆ ಕೊಟ್ಟರೆ ರಕ್ಷಣೆ ಹೋಗುವುದಿಲ್ಲ. ಅವರಿಂದ ತೆಗೆದಿಟ್ಟ, ಇನ್ನೂ ಹಸ್ತಾಂತರಿಸದ ಸಣ್ಣ ಆಯುಧಗಳಿದ್ದರೂ ಹೋಗುವುದಿಲ್ಲ. ನಾಲ್ಕನೇ ಒಪ್ಪಂದದ 19ನೇ ವಿಧಿ ಇದನ್ನು ಬಿಡಿಸಿ ಹೇಳುತ್ತದೆ. ಆದರೂ ಪ್ರತಿ ಬಂದೂಕಿನ ಕ್ರಮಸಂಖ್ಯೆ, ಸಮಯ ಬರೆದು, ಬೀಗ ಹಾಕಿ, ಬೇಗ ಸಾಗಹಾಕಿ. ಅಪಾಯ ಬರುವುದು ಚಾವಣಿಯ ಮೇಲೆ ವೀಕ್ಷಕ ಕೂತಾಗ, ನೆಲಮಾಳಿಗೆಗೆ ಮದ್ದುಗುಂಡು ಬಂದಾಗ, ಗಟ್ಟಿಮುಟ್ಟಾದ ಸೈನಿಕರು ರಾತ್ರಿ ತಂಗಿದಾಗ. ಸ್ವಂತ ಸೇನೆಯ ಅಧಿಕಾರಿಗೆ "ಇಲ್ಲಿ ಬೇಡ" ಎಂದು ಹೇಳುವ ಹೊಣೆ ಯಾರದ್ದೆಂದು ಮೊದಲೇ ಹೆಸರಿಟ್ಟು ಗೊತ್ತುಮಾಡಬೇಕು. ಸಿಬ್ಬಂದಿಗೆ ಫೋಟೊ, ಮುದ್ರೆ ಇರುವ ಗುರುತುಚೀಟಿ, ಎಡತೋಳಿಗೆ ಚಿಹ್ನೆಯಿರುವ ತೋಳುಪಟ್ಟಿ.

ದುರ್ಬಳಕೆಯಾದರೂ ಎಚ್ಚರಿಕೆ ಕೊಟ್ಟು, ಸೂಕ್ತ ಸಂದರ್ಭಗಳಲ್ಲೆಲ್ಲ ಸಮಂಜಸ ಕಾಲಾವಕಾಶ ಕೊಟ್ಟು, ಅದನ್ನು ಲಕ್ಷಿಸದಿದ್ದಾಗ ಮಾತ್ರ ರಕ್ಷಣೆ ನಿಲ್ಲುತ್ತದೆ. ಎಷ್ಟು ಗಂಟೆಯೆಂದು ಒಪ್ಪಂದ ಹೇಳಿಲ್ಲ, ಆದ್ದರಿಂದ ಲೆಕ್ಕ ನಮ್ಮ ಕೈಯಲ್ಲಿರಬೇಕು. ವೆಂಟಿಲೇಟರಿನಲ್ಲಿ 12 ರೋಗಿಗಳು, ತಲಾ ಒಬ್ಬರನ್ನು ಒಯ್ಯುವ 3 ಆಂಬುಲೆನ್ಸ್, ಹೋಗಿಬರಲು 50 ನಿಮಿಷ ಎಂದರೆ ಇವರಿಗೇ ಸುಮಾರು 3 ತಾಸು ಬೇಕು. ಎಚ್ಚರಿಕೆ ಬಂದ ಕೂಡಲೇ ಈ ಲೆಕ್ಕವನ್ನು, ಆರೋಪ ಸುಳ್ಳಾಗಿದ್ದರೆ ಲಿಖಿತ ನಿರಾಕರಣೆಯನ್ನು, ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿಯ ಪ್ರತಿನಿಧಿಯ ಮೂಲಕ ಎದುರು ಪಕ್ಷಕ್ಕೆ ಕಳಿಸಿ, ಒಂದು ಪ್ರತಿ ಆಸ್ಪತ್ರೆಯ ಹೊರಗೆ ಸುರಕ್ಷಿತವಾಗಿಡಿ.