ನೂಲ ಹುಣ್ಣಿಮೆಗೆ ಗೋಸಾಯಿಕುಂಡ: ಗಂಗಾವತಿಯಿಂದ ಟೆಂಟ್ ಹೊತ್ತು ಹೋಗುವ ಬಗೆ

ನೇಪಾಳದ ರಸುವಾ ಜಿಲ್ಲೆಯ ಗೋಸಾಯಿಕುಂಡದಲ್ಲಿ ಜಾತ್ರೆ ಸೇರುವುದು ನಮ್ಮ ನೂಲ ಹುಣ್ಣಿಮೆಯ ದಿನವೇ. ಅಲ್ಲಿ ಅದು ಜನೈ ಪೂರ್ಣಿಮಾ. ಜನೈ ಎಂದರೆ ಜನಿವಾರ. ಹಾಲಾಹಲ ಕುಡಿದ ಶಿವ ಗಂಟಲುರಿ ತಾಳದೆ ತ್ರಿಶೂಲದಿಂದ ಬೆಟ್ಟಕ್ಕೆ ತಿವಿದು ನೀರು ಚಿಮ್ಮಿಸಿದ ಜಾಗ ಇದೇ ಎಂಬುದು ನಂಬಿಕೆ. ಕುಂಡ ಇರುವುದು 4,380 ಮೀಟರ್ ಎತ್ತರದಲ್ಲಿ, ನಮ್ಮ ಗಂಗಾವತಿ ಸುಮಾರು 400 ಮೀಟರಿನಲ್ಲಿ. ನಡುವಿನ ಈ ಏರನ್ನು ಎಷ್ಟು ದಿನಕ್ಕೆ ಹಂಚುತ್ತೇವೆ ಎನ್ನುವುದೇ ಇಡೀ ಯಾತ್ರೆಯ ಲೆಕ್ಕ.

ಹುಣ್ಣಿಮೆಯ ದಿನ ಬದಲಾಗುವುದಿಲ್ಲ, ಹಾಗಾಗಿ ನಾವು ಹಿಂದಕ್ಕೆ ಎಣಿಸುತ್ತೇವೆ. 2026ರಲ್ಲಿ ಹುಣ್ಣಿಮೆ ಆಗಸ್ಟ್ 28ಕ್ಕೆ. 27ರ ಮಧ್ಯಾಹ್ನ ಕುಂಡ ಮುಟ್ಟಬೇಕು. 26ರ ರಾತ್ರಿ ಲೌರಿಬಿನಾಯಕ, ಸುಮಾರು 3,900 ಮೀಟರ್. 25ಕ್ಕೆ ಚೋಲಾಂಗಪಾಟಿ, 3,600. ಅದಕ್ಕೂ ಹಿಂದಿನ ಎರಡು ರಾತ್ರಿ ಚಂದನಬಾರಿ, 3,300. 22ಕ್ಕೆ ದೇವ್ರಾಲಿ, 21ಕ್ಕೆ ನಡಿಗೆ ಶುರುವಾಗುವ ಊರು ಧುಂಚೆ. ಕಠ್ಮಂಡುವಿನಲ್ಲಿ ಒಂದು ದಿನ ಕೈಯಲ್ಲಿಟ್ಟುಕೊಳ್ಳಬೇಕೆಂದರೆ ಊರು ಬಿಡುವುದು 15ಕ್ಕೇ. ಬಹಳ ಜನ ಧುಂಚೆಯಿಂದ ಎರಡೇ ದಿನಕ್ಕೆ ಏರಿಬಿಡುತ್ತಾರೆ, ಕಾಯಿಲೆ ಬೀಳುವವರು ಹೆಚ್ಚಾಗಿ ಅವರೇ. 3,000 ಮೀಟರ್ ದಾಟಿದ ಮೇಲೆ ಹಿಂದಿನ ರಾತ್ರಿ ಮಲಗಿದ ಜಾಗಕ್ಕಿಂತ 500 ಮೀಟರಿಗೂ ಹೆಚ್ಚು ಮೇಲೆ ಹೋಗಿ ಮಲಗಬಾರದು. ಚಂದನಬಾರಿಯ ಎರಡನೇ ದಿನ ಚೋಲಾಂಗಪಾಟಿಯವರೆಗೆ ಬರಿಗೈಯಲ್ಲಿ ಹತ್ತಿ, ಇಳಿದು ಮಲಗುತ್ತೇವೆ.

ಅಂಜನಾದ್ರಿಯ 575 ಮೆಟ್ಟಿಲನ್ನು ಎಂಟು ಕಿಲೋ ಹೊತ್ತು ದಿನಕ್ಕೆ ಮೂರು ಸಲ, ಎರಡು ತಿಂಗಳು ಹತ್ತಿಳಿದರೆ ಮೊಣಕಾಲು ಗಟ್ಟಿಯಾಗುತ್ತದೆ. ಆದರೆ ತೆಳುಗಾಳಿಗೆ ದೇಹ ಒಗ್ಗುವುದು ಮೇಲೆ ಹೋಗಿ ಉಳಿದಾಗ ಮಾತ್ರ. ಗಟ್ಟಿ ಹುಡುಗರು ಜೋರಾಗಿ ನಡೆಯುತ್ತಾರೆ, ತಲೆನೋವೂ ಮೊದಲು ಅವರಿಗೇ. ಎತ್ತರದ ಕಾಯಿಲೆ ತಡೆಯುವ ಮಾತ್ರೆ ಅಸಿಟಜೋಲಮೈಡ್ 125 ಮಿ.ಗ್ರಾಂ ಬೆಳಿಗ್ಗೆ ಸಂಜೆ, ಏರುವ ಹಿಂದಿನ ದಿನದಿಂದ. ಇದನ್ನು ಊರಲ್ಲೇ ವೈದ್ಯರಿಗೆ ಕೇಳಿ ತೀರ್ಮಾನಿಸಿ, ಸಲ್ಫಾ ಔಷಧ ಒಗ್ಗದಿದ್ದರೆ ಮೊದಲೇ ಹೇಳಿ. ತಲೆನೋವಿನ ಜೊತೆ ವಾಂತಿ ಬಂದರೆ ಅಲ್ಲೇ ನಿಲ್ಲಬೇಕು. ನೆಲದ ಗೆರೆಯ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನಡೆಯಲಾರದೆ ಓಲಾಡಿದರೆ, ಇಲ್ಲವೆ ಕೂತಲ್ಲೇ ಏದುಸಿರು ಬಂದರೆ, ರಾತ್ರಿಯಾಗಿದ್ದರೂ ಕೆಳಗಿಳಿಸಬೇಕು. ಜಾತ್ರೆಗೆಂದು ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ ಕುಂಡದ ಬಳಿ ಆರೋಗ್ಯ ಶಿಬಿರ ಹಾಕುತ್ತದೆ, ಮುಚ್ಚುಮರೆ ಮಾಡದೆ ತೋರಿಸಿಕೊಳ್ಳಿ. ಉಪವಾಸ ಇರುವವರು ನೀರನ್ನಾದರೂ ಬಿಡಬಾರದು.

ಗಡಿಯಲ್ಲಿ ಪಾಸ್‌ಪೋರ್ಟ್ ಅಥವಾ ಮತದಾರರ ಚೀಟಿ ಬೇಕು, ಆಧಾರ್ ಒಂದನ್ನೇ ನಂಬಬೇಡಿ. ನೂರರ ನೋಟುಗಳೇ ಇರಲಿ. ನಮ್ಮ 100 ರೂಪಾಯಿಗೆ ಅಲ್ಲಿನ 160. ಗೋರಖಪುರ, ಸೋನೌಲಿ ಮೂಲಕ ಕಠ್ಮಂಡುವಿಗೆ ಹೋಗುವ ಬಸ್ಸನ್ನು ಹಗಲಿಗೇ ಹಿಡಿಯುತ್ತೇವೆ. ನಾರಾಯಣಗಢ–ಮುಗ್ಲಿಂಗ್ ರಸ್ತೆಯಲ್ಲಿ ಮಳೆಗಾಲದ ಗುಡ್ಡ ಕುಸಿತ ಹೊಸದಲ್ಲ, 2024ರ ಜುಲೈನಲ್ಲಿ ಎರಡು ಬಸ್ಸುಗಳು ತ್ರಿಶೂಲಿ ನದಿಗೆ ಕೊಚ್ಚಿಹೋದದ್ದು ಅಲ್ಲೇ.

ಟೆಂಟಿನ ಪರೀಕ್ಷೆಗೆ ಮಳೆ ಕಾಯುತ್ತ ಕೂರಲು ನಮ್ಮ ಸೀಮೆಯಲ್ಲಿ ಆಗದು. ಹೊಲದಲ್ಲಿ ನಿಲ್ಲಿಸಿ ಪಂಪ್‌ಸೆಟ್ಟಿನ ಪೈಪಿನಿಂದ ಅರ್ಧ ತಾಸು ನೀರು ಬಿಡುತ್ತೇವೆ. ಸೋರುವುದು ಬಟ್ಟೆಯಲ್ಲಲ್ಲ, ಹೊಲಿಗೆಯಲ್ಲಿ; ಹೊಲಿಗೆ ಮುಚ್ಚುವ ಅಂಟು, ಸೀಮ್ ಸೀಲರ್, ಬಳಿದು ಒಂದು ಪೂರ್ತಿ ದಿನ ಒಣಗಿಸಬೇಕು. ಕೆಳಗೆ ಹಾಸುವ ಪ್ಲಾಸ್ಟಿಕ್ ಟೆಂಟಿನ ತಳಕ್ಕಿಂತ ನಾಲ್ಕು ಬೆರಳು ಒಳಗಿರಲಿ. ಹೊರಗೆ ಚಾಚಿದರೆ ಮಳೆನೀರನ್ನು ಹಿಡಿದು ಹಾಸಿಗೆಯಡಿಗೇ ತಂದು ನಿಲ್ಲಿಸುತ್ತದೆ. ಎರೆಹೊಲದಲ್ಲಿ ಹಿಡಿದ ಗೂಟ ಕುಂಡದ ಕಲ್ಲುನೆಲದಲ್ಲಿ ಇಳಿಯುವುದೇ ಇಲ್ಲ. ಅದಕ್ಕೆ ಒಂದೂವರೆ ಮೀಟರಿನ ಎಂಟು ಹಗ್ಗದ ತುಂಡು, ಮೂರು ಮಿಲಿಮೀಟರ್ ದಪ್ಪದವು. ತುದಿಗೆ ತೆಂಗಿನಕಾಯಿ ಗಾತ್ರದ ಕಲ್ಲು ಕಟ್ಟಿ, ಅದರ ಮುಂದೆ ಟೆಂಟಿನ ಕಡೆಗೆ ಹಗ್ಗದ ಮೇಲೆಯೇ ದೊಡ್ಡ ಕಲ್ಲು ಹೇರಬೇಕು. ಗಾಳಿ ಎಳೆದಷ್ಟೂ ಸಣ್ಣ ಕಲ್ಲು ದೊಡ್ಡದಕ್ಕೆ ಒತ್ತಿ ಬಿಗಿಯಾಗುತ್ತದೆ. ಆನೆಗೊಂದಿಯ ಬಂಡೆಗಳ ನಡುವೆ ಒಂದು ರಾತ್ರಿ ಇದನ್ನು ಕಟ್ಟಿ ಮಲಗಿ ನೋಡಿ, ಕೈ ಕುದುರುತ್ತದೆ. ಚಳಿಯೆಂದು ಗಾಳಿಕಿಂಡಿ ಮುಚ್ಚಿದರೆ ಉಸಿರಿನ ಹಬೆಯೇ ನೀರಾಗಿ ಬೆಳಗಿನ ಹೊತ್ತಿಗೆ ತೊಟ್ಟಿಕ್ಕುತ್ತದೆ. ಎರಡೂ ಕಡೆ ನಾಲ್ಕು ಬೆರಳು ತೆರೆದಿಡಿ. ಮಲಗುವ ಚೀಲ ಸೊನ್ನೆ ಡಿಗ್ರಿಗೆ ಬೆಚ್ಚಗಿರುವಂಥದ್ದು ಬೇಕು, ಪ್ಲಾಸ್ಟಿಕ್ ಸುತ್ತಿ ಒಯ್ಯಬೇಕು.

ಜಾತ್ರೆಯ ರಾತ್ರಿ ಲಾಡ್ಜುಗಳು ಕಿಕ್ಕಿರಿದಿರುತ್ತವೆ, ಬುತ್ತಿ ನಮ್ಮದೇ ಇರಬೇಕು. ಕುಂಡದ ಎತ್ತರದಲ್ಲಿ ನೀರು ಸುಮಾರು 85 ಡಿಗ್ರಿಗೇ ಕುದಿಯುವುದರಿಂದ ಕುಕ್ಕರ್ ಇಲ್ಲದೆ ತೊಗರಿಬೇಳೆ ಬೇಯದು. ತೆಳು ಅವಲಕ್ಕಿ ಆ ನೀರಿಗೂ ಅರಳುತ್ತದೆ. ಖಡಕ್ ರೊಟ್ಟಿ ತಲೆಗೆ ದಿನಕ್ಕೆ ನಾಲ್ಕು, ಶೇಂಗಾ ಚಟ್ನಿಪುಡಿ 50 ಗ್ರಾಂ. ಬಟ್ಟೆಯಲ್ಲಿ ಕಟ್ಟಿದ ರೊಟ್ಟಿ ಮೋಡದ ತೇವಕ್ಕೆ ಮೆತ್ತಗಾಗಿ, ಬರಬರುತ್ತ ಬೂಷ್ಟು ಹಿಡಿಯುತ್ತದೆ. ಮೊದಲೇ ಮುರಿದು, ಒಂದೊಂದು ದಿನದ್ದನ್ನು ಬೇರೆ ಜಿಪ್ ಚೀಲಕ್ಕೆ ಹಾಕಿ ಗಾಳಿ ಹೊರಡಿಸಿ ಮುಚ್ಚುತ್ತೇವೆ. ತಿನ್ನುವಾಗ ಬಿಸಿ ಸಾರಿಗೆ ಪುಡಿ ಮಾಡಿದರಾಯಿತು. ಒಲೆಯ ಗ್ಯಾಸ್ ಡಬ್ಬಿಯನ್ನು ರೈಲಿನಲ್ಲಾಗಲಿ ವಿಮಾನದಲ್ಲಾಗಲಿ ಒಯ್ಯುವಂತಿಲ್ಲ, ಕಠ್ಮಂಡುವಿನ ಥಮೇಲ್ ಪೇಟೆಯಲ್ಲಿ ಕೊಳ್ಳಬೇಕು.

ಹುಣ್ಣಿಮೆಯ ಹಿಂದಿನ ರಾತ್ರಿ ಧಾಮಿ, ಝಾಂಕ್ರಿ ಎಂಬ ಮಂತ್ರವಾದಿಗಳು ನವಿಲುಗರಿ ಮುಡಿದು, ಢ್ಯಾಂಗ್ರೊ ಎಂಬ ಡೋಲು ಬಾರಿಸುತ್ತ ತಂಡ ತಂಡವಾಗಿ ಬರುತ್ತಾರೆ. ರಾತ್ರಿಯಿಡೀ ಕುಣಿತ. ನೋಡಲೇಬೇಕಾದದ್ದು, ಟೆಂಟಿನೊಳಗೆ ಮಲಗಿ ಕಳೆದುಕೊಳ್ಳಬೇಡಿ. ಅವರ ದಾರಿಗೂ ಸ್ನಾನಘಟ್ಟಕ್ಕೂ ಅಡ್ಡ ಬಾರದಂತೆ ಟೆಂಟನ್ನು ದೂರ ಹೂಡಿ. ಈ ಕುಂಡ ಮತ್ತು ಸುತ್ತಲಿನ ಕುಂಡಗಳು 2007ರಿಂದ ರಾಮ್ಸರ್ ಪಟ್ಟಿಯಲ್ಲಿವೆ, ಅಂದರೆ ಜಗತ್ತಿನ ಮುಖ್ಯ ಜೌಗುನೆಲಗಳ ಪಟ್ಟಿಯಲ್ಲಿ. ಸೋಪು, ಪಾತ್ರೆ ತೊಳೆದ ನೀರು ದಡಕ್ಕೆ ತಾಗಬಾರದು. ಬೆಳಗಿನ ಸ್ನಾನಕ್ಕೆ ಮೂರೇ ಮುಳುಗು. ಒಣ ಉಣ್ಣೆಬಟ್ಟೆ, ಟೋಪಿ ಹಿಡಿದು ಒಬ್ಬರು ದಡದಲ್ಲೇ ನಿಂತಿರಬೇಕು, ಒದ್ದೆ ಬಟ್ಟೆಯಲ್ಲಿ ಕ್ಷಣವೂ ಪೂಜೆಗೆ ನಿಲ್ಲಬಾರದು.

ಸ್ನಾನ ಮುಗಿಸಿ ಬೆಳಿಗ್ಗೆ ಎಂಟು ಗಂಟೆಗೆ ಕುಂಡದಿಂದ ಇಳಿಯಲು ಹೊರಟರೆ ಸಂಜೆಗೆ ಚಂದನಬಾರಿ. ಮರುದಿನ ದೇವ್ರಾಲಿಯಿಂದ ಕೆಳಗೆ ಕಾಡಿನಲ್ಲಿ ಜಿಗಣೆ ಕಾಟ. ಉಪ್ಪಿನ ಗಂಟನ್ನು ನೀರಲ್ಲಿ ಅದ್ದಿ ಕೋಲಿನ ತುದಿಗೆ ಕಟ್ಟಿಕೊಳ್ಳಿ, ಜಿಗಣೆಗೆ ತಾಗಿಸಿದರೆ ಬಿಟ್ಟು ಬೀಳುತ್ತದೆ. ಕಿತ್ತು ಎಳೆದ ಗಾಯ ಸೋಂಕಾಗುವುದು ಹೆಚ್ಚು.